ವಂದನಾರ್ಪಣೆಯಲ್ಲಿ ಬಿಟ್ಟುಹೋದವರಿಗೆ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸಾಹಿತ್ಯ ಕೂಟಗಳನ್ನು ಏರ್ಪಡಿಸುವ ಎಲ್ಲ ಸಂಘಟಕರಿಗೆ, ಹಾಗೂ ಕಳೆದ ಕೂಟದಲ್ಲಿ ನನ್ನ ಆಚೀಚೆ ಕುಳಿತಿದ್ದವರಿಗೆ,

ಮಾನ್ಯರೇ,

ಕಳೆದ ಅಕ್ಟೋಬರಿನಲ್ಲಿ ಉಡುಪಿಯಲ್ಲಿ ಎರಡು ದಿನ ನಡೆದ ಸಾಹಿತ್ಯ ಕೂಟವು ನಮ್ಮ ಎಲ್ಲ ಕೂಟಗಳಂತೆ ವಂದನಾರ್ಪಣೆಯೊಂದಿಗೆ ಮುಗಿಯಿತು. ಅಷ್ಟು ಹೊತ್ತಿಗೆ ಸಭೆಯ ಅರ್ಧದಷ್ಟು ಜನ ಎದ್ದು ನಿಂತಿದ್ದರು. ಬಸ್ಸಿನ ಚಿಂತೆಯಿದ್ದವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಕುರ್ಚಿ ತಂದಿದ್ದ ಹುಡುಗರು ಹಿಂದಿನ ಸಾಲುಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ್ದರು. ವಂದನಾರ್ಪಣೆ ಮಾಡಿದ ಮಹನೀಯರು ಉದ್ಘಾಟಕರಿಂದ ಮೊದಲ್ಗೊಂಡು ಧ್ವನಿವರ್ಧಕದವರು, ಅಡುಗೆಯವರು, ಬ್ಯಾನರು ಕಟ್ಟಿದವರ ವರೆಗೆ ಯಾರನ್ನೂ ಮರೆಯಲಿಲ್ಲ. ಆ ಗಲಾಟೆಯ ನಡುವೆಯೂ ಒಂದು ಹೆಸರೂ ತಪ್ಪದಂತೆ ಓದಿದ ಅವರ ತಾಳ್ಮೆಯನ್ನು ನಾನು ಮೆಚ್ಚಿಕೊಂಡೆ. ಆದರೆ ರಾತ್ರಿ ಮನೆಗೆ ಬಂದು ಮಲಗಿದಾಗ, ಆ ಎರಡು ದಿನಗಳಲ್ಲಿ ನಾನು ಯಾರಿಗೆ ಋಣಿಯಾದೆನೋ ಅವರಲ್ಲಿ ಒಬ್ಬರ ಹೆಸರೂ ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಹೊಳೆಯಿತು. ಅದು ಅವರ ತಪ್ಪಲ್ಲ. ಪಕ್ಕದ ಕುರ್ಚಿಯವರಿಗೆ ವೇದಿಕೆಯಿಂದ ಕೃತಜ್ಞತೆ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಆ ಬಾಕಿಯನ್ನು ಸಂದಾಯ ಮಾಡುವುದಕ್ಕಾಗಿ, ಮತ್ತು ಸಂಘಟಕರಲ್ಲಿ ಒಂದೆರಡು ಬೇಡಿಕೆ ಇಡುವುದಕ್ಕಾಗಿ ಈ ಪತ್ರ. ಇದನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದದ್ದಕ್ಕೆ ಒಂದು ಕೊಡೆ ಕಾರಣ. ಅದರ ಸಂಗತಿಯನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ನಾನು ಸಾಹಿತಿಯಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ನಮ್ಮ ಕರಾವಳಿ 1906ರಿಂದ 1931ರ ಒಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂದು ಐದು ದೊಡ್ಡ ಬ್ಯಾಂಕುಗಳನ್ನು ಹುಟ್ಟಿಸಿದ ನೆಲವಾದ್ದರಿಂದ, ಇಲ್ಲಿ ಪದವಿ ಮುಗಿಸಿದ ನನ್ನಂಥವರು ಬ್ಯಾಂಕು ಸೇರುವುದು ದೊಡ್ಡ ವಿಷಯವೇ ಆಗಿರಲಿಲ್ಲ. ಆ ನೌಕರಿ ಅನ್ನವನ್ನೂ ಕೊಟ್ಟಿತು, ವರ್ಗಾವಣೆಯನ್ನೂ ಕೊಟ್ಟಿತು. ಮೂರು ವರ್ಷಕ್ಕೊಮ್ಮೆ ಊರು ಬದಲಾಯಿಸುವವನ ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿ ಹೇಗೋ ಉಳಿಯುತ್ತವೆ, ಗೆಳೆತನಗಳು ಉಳಿಯುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಒಂದು ಸಾಹಿತ್ಯ ಕೂಟವಿದ್ದರೆ ಅಲ್ಲಿ ನಾಲ್ಕು ಮಂದಿ ಸಿಗುತ್ತಾರೆ ಎಂಬ ಲೆಕ್ಕದಲ್ಲಿಯೇ ನಾನು ಇಷ್ಟು ವರ್ಷ ಕೂಟಗಳಿಗೆ ಹೋಗಿದ್ದೇನೆ. ಭಾಷಣ ಕೇಳುವುದಕ್ಕೆಂದೇ ಹೋದದ್ದು ಕಡಿಮೆ ಎಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಒಂದು ಕಾಲದಲ್ಲಿ ನಾನು ವಾರದ ಪುರವಣಿಗಳಿಗೆ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೆ. ಅದನ್ನು ವಿಮರ್ಶೆ ಎಂದು ಕರೆದವನು ಬಹುಶಃ ನಾನೊಬ್ಬನೇ. 2003ರ ಡಿಸೆಂಬರಿನಲ್ಲಿ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ಮೂಡುಬಿದಿರೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಬ್ರಹ್ಮಾವರದ ಕಡೆಯ ಒಬ್ಬ ಪ್ರೌಢಶಾಲಾ ಮಾಷ್ಟ್ರು ಮತ್ತು ನಾನು ಜೊತೆಯಾಗಿ ಹೋಗಿದ್ದೆವು. ಒಂದೇ ಬಸ್ಸಿನಲ್ಲಿ ನಿಂತು ಹೋಗಿ, ಪುಸ್ತಕ ಮಳಿಗೆಯಲ್ಲಿ ಇಬ್ಬರ ಹಣವನ್ನೂ ಕೂಡಿಸಿ ಖರ್ಚು ಮಾಡಿ, ಹಿಂದಿರುಗುವಾಗ ಟಿಕೆಟಿಗೆ ಚಿಲ್ಲರೆ ಹುಡುಕಿದ ಗೆಳೆತನ ಅದು. ಕೆಲವು ತಿಂಗಳ ಬಳಿಕ ಅವರ ಮೊದಲ ಕವನ ಸಂಕಲನ ಬಂತು. ಅದರ ಬಗ್ಗೆ ನಾನು ಬರೆದೆ. ಈ ಕವಿಗೆ ಕಡಲು ಗೊತ್ತಿದೆ, ಈಜು ಗೊತ್ತಿಲ್ಲ ಎಂಬ ವಾಕ್ಯ ಅದರಲ್ಲಿತ್ತು. ಆ ವಾಕ್ಯ ಹೊಳೆದ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅದು ಸರಿಯೋ ತಪ್ಪೋ ಎಂದು ನೋಡಲು ಕವನಗಳನ್ನು ಇನ್ನೊಮ್ಮೆ ಓದಲೂ ಇಲ್ಲ. ಮಾಷ್ಟ್ರು ಜಗಳ ಮಾಡಲಿಲ್ಲ, ಪತ್ರ ಬರೆಯಲಿಲ್ಲ. ಮಾತು ಮಾತ್ರ ಬಿಟ್ಟರು. ಮದುವೆ ಮನೆಗಳಲ್ಲಿ ಎದುರಾದರೆ ಅವರು ಚಪ್ಪರದ ಆ ಬದಿಗೆ ಹೋಗುತ್ತಿದ್ದರು, ನಾನು ಈ ಬದಿಗೆ. ಹೀಗೆ ಇಪ್ಪತ್ತು ವರ್ಷ ದಾಟಿತು.

ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಊರಿನಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು. ಅಲ್ಲಿ ಎದುರು ಕುಳಿತ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಗಟ್ಟಿಗನಾದಷ್ಟೂ ಕೂಟ ಕಳೆಗಟ್ಟುತ್ತದೆ. ಆತ ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ, ಕೇಳಿದ್ದಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಕೃಷ್ಣನಾಗಿ, ಕೌರವನಾಗಿ ಬೆಳಗಿನ ಜಾವದ ವರೆಗೆ ಒಬ್ಬರನ್ನೊಬ್ಬರು ಹರಿದು ಹಾಕಿದವರು ಮಂಗಳ ಹಾಡಿದ ಮೇಲೆ ಒಂದೇ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾರೆ. ನಾನು ಅರ್ಥ ಹೇಳಿದೆ, ಚಹಾ ಕುಡಿಯಲು ಕರೆಯಲಿಲ್ಲ.

ಈ ಸಲದ ಕೂಟದ ಮೊದಲ ದಿನ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದೆ. ಬಿಸಿಲು ಜೋರಾಗಿತ್ತು, ಸಾಲು ಅಡುಗೆ ಕೊಟ್ಟಿಗೆಯಿಂದ ಹಲಸಿನ ಮರದ ವರೆಗೆ ಬೆಳೆದಿತ್ತು. ನನ್ನ ಮುಂದೆ ನಿಂತಿದ್ದ ಹಿರಿಯರು ಹಿಂದೆ ಯಾರಿದ್ದಾರೆಂದು ನೋಡದೆಯೇ, “ಇದನ್ನೊಮ್ಮೆ ಹಿಡ್ಕೊಳ್ಳಿ” ಎಂದು ತಮ್ಮ ಸ್ಟೀಲಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಸಡಿಲವಾಗಿದ್ದ ಪಂಚೆಯನ್ನು ಬಿಗಿದು ಕಟ್ಟಿಕೊಂಡರು. ಕಟ್ಟಿ ಮುಗಿಸಿ ತಲೆ ಎತ್ತಿದಾಗ ನಾನು ಎರಡು ಕೈಗಳಲ್ಲಿ ಎರಡು ಬಟ್ಟಲು ಹಿಡಿದು ನಿಂತಿದ್ದೆ. ಅದೇ ಮಾಷ್ಟ್ರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಎಡಗಣ್ಣಿನ ಮೇಲಿನ ಗಾಯದ ಗುರುತು ಹಾಗೆಯೇ ಇತ್ತು. ಅವರು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಬಟ್ಟಲನ್ನು ಬಿಟ್ಟು ನನ್ನದನ್ನು ತೆಗೆದುಕೊಂಡರು. ತಿಳಿಯದೆ ತೆಗೆದುಕೊಂಡರೋ, ತಿಳಿದೋ, ನಾನು ಈ ತನಕ ಕೇಳಿಲ್ಲ. “ಮುಂದೆ ಹೋಗುವ ಮಾರಾಯ್ರೆ, ಹಿಂದಿನವರು ಬಯ್ತಾರೆ” ಎಂದರು.

ಇಬ್ಬರೂ ಮರದ ಕಟ್ಟೆಯಲ್ಲಿ ಕುಳಿತು ಉಂಡೆವು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಂದು ಪಲ್ಯ, ಪಾಯಸ. ಅರ್ಧ ಊಟದ ವರೆಗೆ ಮಳೆಯ ವಿಷಯ, ಮಕ್ಕಳ ವಿಷಯ ಮಾತಾಡಿದೆವು. ನಾನೇ ಆ ವಿಮರ್ಶೆಯ ಮಾತು ತೆಗೆದು, ಅದನ್ನು ಹಾಗೆ ಬರೆಯಬಾರದಿತ್ತು ಎಂದೆ. ಅವರು ಹುಳಿಯೊಳಗಿನ ಸೌತೆಕಾಯಿ ಹೋಳನ್ನು ಬೆರಳಿನಿಂದ ಒತ್ತಿ, “ನೀವು ಬರೆದದ್ದರಲ್ಲಿ ಅರ್ಧ ಸರಿ ಇತ್ತು. ಯಾವ ಅರ್ಧ ಅಂತ ಗೊತ್ತಾಗಲಿಕ್ಕೆ ಇಷ್ಟು ವರ್ಷ ಹಿಡಿಯಿತು, ಅಷ್ಟೇ” ಎಂದರು. ಯಾವ ಅರ್ಧ ಎಂದು ಕೇಳಿದೆ. “ಅದು ಹೇಳುವುದಿಲ್ಲ. ಮಜ್ಜಿಗೆ ಬಂತು, ಕೈ ಒಡ್ಡಿ” ಎಂದರು.

ಸಂಘಟಕರ ಗಮನಕ್ಕೆ ಇಲ್ಲಿ ಒಂದು ವಿಷಯವನ್ನು ತರಬೇಕಾಗಿದೆ. ಮಾಷ್ಟ್ರು ಆ ದಿನ ಕವಿಗೋಷ್ಠಿಯಲ್ಲಿ ಓದಲು ಬಂದವರು. ಅವರ ಅಂಗಿಗೆ ಆಹ್ವಾನಿತರ ಬ್ಯಾಡ್ಜು ಇತ್ತು. ಆಹ್ವಾನಿತರಿಗೆಂದು ಸಭಾಂಗಣದ ಹಿಂದೆ ಫ್ಯಾನಿರುವ ಕೋಣೆಯಲ್ಲಿ ಮೇಜು ಹಾಕಿ ಊಟದ ವ್ಯವಸ್ಥೆ ಬೇರೆ ಮಾಡಿದ್ದರು. ಸ್ವಯಂಸೇವಕ ಹುಡುಗ ಎರಡು ಸಲ ಕರೆದರೂ ಇವರು ಹೋಗಲಿಲ್ಲವಂತೆ, ಅಲ್ಲಿ ಉಪ್ಪಿನಕಾಯಿ ಕೇಳಿದರೂ ಮೂವರು ಎದ್ದು ನಿಲ್ಲುತ್ತಾರೆ ಎಂಬ ಕಾರಣಕ್ಕೆ. ಅವರು ಆ ಕೋಣೆಗೆ ಹೋಗಿದ್ದರೆ ನಾನು ಅವರ ಕವನವನ್ನು ಹದಿನೆಂಟನೆಯ ಸಾಲಿನಿಂದ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದೆ. ಈ ಪ್ರತ್ಯೇಕ ಊಟದ ಕೋಣೆಯನ್ನು ನಾನು ಬೇರೆ ಊರುಗಳ ಕೂಟಗಳಲ್ಲಿಯೂ ಕಂಡಿದ್ದೇನೆ. ದೂರದಿಂದ ಬಂದವರಿಗೆ, ವಯಸ್ಸಾದವರಿಗೆ ಕುರ್ಚಿ ಕೊಡುವುದು ಮರ್ಯಾದೆ, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಬರೆಯುವವರನ್ನು ಓದುವವರಿಂದ ಊಟದ ಹೊತ್ತಿನಲ್ಲಿ ಬೇರೆ ಮಾಡಿದ ಮೇಲೆ, ಅವರನ್ನು ಸೇರಿಸುವುದಕ್ಕೆಂದು ಸಂವಾದ ಗೋಷ್ಠಿಯನ್ನು ಏರ್ಪಡಿಸಿ ಏನು ಪ್ರಯೋಜನ ಎಂದು ನನಗೆ ಅರ್ಥವಾಗುವುದಿಲ್ಲ.

ಕೇಳುವವರಿಲ್ಲದೆ ಬರೆಯುವುದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಉಡುಪಿಯಲ್ಲಿಯೇ ಒಂದು ದೊಡ್ಡ ಉದಾಹರಣೆ ಇದೆ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಅಂದರೆ ನಮ್ಮ ಮುದ್ದಣ, ಇಲ್ಲಿನ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದುಕೊಂಡು ಕಾವ್ಯ ಬರೆದರು. ಬರೆದದ್ದನ್ನು ತಮ್ಮದೆಂದು ಹೇಳಿಕೊಳ್ಳುವ ಧೈರ್ಯವಿಲ್ಲದೆ, ಯಾವನೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳುಹಿಸಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡರು. ಅವರ ರಾಮಾಶ್ವಮೇಧವನ್ನು ಓದಿದವರಿಗೆ ರಾಮನ ಕುದುರೆಗಿಂತ ಹೆಚ್ಚಾಗಿ ನೆನಪುಳಿಯುವುದು ಮುದ್ದಣ ಮನೋರಮೆಯರ ಸಲ್ಲಾಪ. ಕಥೆ ಕೇಳುವ ಮಡದಿ ಮನೋರಮೆ ಹಾಸ್ಯ ಮಾಡುತ್ತಾಳೆ, ಪದ್ಯ ಬೇಡ ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಅರ್ಥವಾಗದ ಸಂಸ್ಕೃತ ಬಂದರೆ ಅಲ್ಲಿಯೇ ತಡೆಯುತ್ತಾಳೆ. ಡ್ರಿಲ್ ಮಾಷ್ಟ್ರ ಕೆಲಸ ಮುಗಿಸಿ ಬಂದು ರಾತ್ರಿ ದೀಪದ ಎದುರು ಕುಳಿತವನಿಗೆ ಬೇಕಾಗಿದ್ದದ್ದು ಹಾಗೆ ತಡೆದು ಕೇಳುವ ಒಬ್ಬರು ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಎದುರಿಗೆ ಅಂಥವರು ಸಿಗದಿದ್ದಾಗ ಆತ ಅವಳನ್ನು ಕಾವ್ಯದ ಒಳಗೇ ಕೂರಿಸಿಕೊಂಡ. ಪಂಡಿತರು ಇದಕ್ಕೆ ಬೇರೆ ಕಾರಣ ಹೇಳಬಹುದು. ನಾನು ಬ್ಯಾಂಕಿನವನು, ನನಗೆ ತೋಚಿದ್ದು ಇದು.

ಇನ್ನು ಹೊಸ ಗೆಳೆಯರ ವಿಷಯ. ಮೊದಲ ದಿನ ಸಂಜೆ ಒಂದು ಗೋಷ್ಠಿಯ ಅಧ್ಯಕ್ಷರು ಬರುವುದು ತಡವಾಯಿತು. ಸಂಘಟಕರಿಗೆ ಅದು ಸಂಕಟದ ಗಳಿಗೆಯಾಗಿತ್ತು. ಮೈಕಿನಲ್ಲಿ ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದರು. ನಮ್ಮ ಮಟ್ಟಿಗೆ ಆ ಮುಕ್ಕಾಲು ಗಂಟೆಯೇ ಎರಡು ದಿನಗಳ ಸಾರ. ಹಿಂದಿನ ಅಂಗಳದಲ್ಲಿ ಚಹಾ, ಗೋಳಿಬಜೆ ಕೊಡುತ್ತಿದ್ದರು. ಅಲ್ಲೊಂದು ಉದ್ದದ ಬೆಂಚಿನ ಮೇಲೆ ಮಾಷ್ಟ್ರು, ನಾನು, ಮಣಿಪಾಲದಲ್ಲಿ ಅಚ್ಚಿನ ಕೆಲಸದಲ್ಲಿರುವ ಕುಂದಾಪುರ ಕಡೆಯ ಒಬ್ಬ ಹುಡುಗಿ, ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಕಾಪು ಕಡೆಯ ಒಬ್ಬ ಯುವಕ, ಹೀಗೆ ನಾಲ್ವರು ಗುರುತಿಲ್ಲದೆ ಒತ್ತಾಗಿ ಕುಳಿತೆವು. ಹುಡುಗಿ ಕಥೆ ಬರೆಯುತ್ತಾಳೆ. ಅಜ್ಜಿಯ ಮಾತನ್ನೆಲ್ಲ ಕುಂದಾಪುರ ಕನ್ನಡದಲ್ಲಿಯೇ ಬರೆದು ಒಂದು ಕಡೆಗೆ ಕಳುಹಿಸಿದ್ದಳಂತೆ. ದಯವಿಟ್ಟು ಕನ್ನಡದಲ್ಲಿ ಬರೆಯಿರಿ ಎಂಬ ಷರಾದೊಂದಿಗೆ ಅದು ಹಿಂದೆ ಬಂತಂತೆ. ಹೇಳುವಾಗ ನಗುತ್ತಲೇ ಹೇಳಿದಳು, ಆದರೆ ಕಾಗದದ ಲೋಟವನ್ನು ಹಿಂಡಿ ಹಿಂಡಿ ಚಪ್ಪಟೆ ಮಾಡಿದ್ದಳು.

ಮಾಷ್ಟ್ರು, “ನಿಮ್ಮ ಅಜ್ಜಿ ಬರುವುದಕ್ಕೆ ಎಂತ ಹೇಳ್ತಾರೆ?” ಎಂದು ಕೇಳಿದರು. ಬಪ್ಪುದು ಎಂದಳು. ಹೋಗುವುದಕ್ಕೆ? ಹೋಪುದು. ಆಗ ಮಾಷ್ಟ್ರು ಬೆಂಚಿನಲ್ಲಿ ನೆಟ್ಟಗೆ ಕುಳಿತರು. ಮೂವತ್ತು ವರ್ಷ ಪಾಠ ಹೇಳಿದವರ ಗತ್ತು ಅದು. ಬಸವಣ್ಣನವರ ವಚನದಲ್ಲಿ ಬಪ್ಪುದು ಎಂದೇ ಇದೆ, ಅದನ್ನು ಯಾರೂ ತಿದ್ದಿ ಬರುವುದು ಎಂದು ಮಾಡಲಿಲ್ಲ ಎಂದರು. ಅದಕ್ಕೂ ಹಿಂದೆ ಹಳಗನ್ನಡದಲ್ಲಿ ಬರ್ಪೆಂ, ಪೋಪೆಂ ಎಂದಿತ್ತು, ಬರುತ್ತೇನೆ, ಹೋಗುತ್ತೇನೆ ಎಂದು ಅರ್ಥ ಎಂದು ವಿವರಿಸಿದರು. ಅಷ್ಟು ಹೊತ್ತು ಸುಮ್ಮನಿದ್ದ ಬಂದರಿನ ಯುವಕ ಥಟ್ಟನೆ, “ಅದು ತುಳು ಅಲ್ವಾ ಸರ್? ನಾವು ಮನೆಯಲ್ಲಿ ಯಾನ್ ಬರ್ಪೆ, ಯಾನ್ ಪೋಪೆ ಅಂತಲೇ ಹೇಳುವುದು” ಎಂದ. ಕೊನೆಯ ಸೊನ್ನೆಯೊಂದು ಬಿಟ್ಟರೆ ಅವನ ಅಮ್ಮ ಅಡುಗೆಮನೆಯಿಂದ ಕೂಗಿ ಹೇಳುವ ಮಾತು ಸಾವಿರ ವರ್ಷ ಹಿಂದಿನ ಕವಿಯ ಕ್ರಿಯಾಪದದ ಪಕ್ಕ ಬಂದು ನಿಂತಿತ್ತು. ಅವನು ಪಿಯುಸಿಯಲ್ಲಿ ಹಳಗನ್ನಡಕ್ಕೆ ಹೆದರಿ ಕನ್ನಡವನ್ನೇ ಬಿಟ್ಟವನಂತೆ. “ಇದನ್ನು ಆಗಲೇ ಯಾರಾದರೂ ಹೇಳ್ತಿದ್ದರೆ” ಎಂದು ಅರ್ಧಕ್ಕೆ ನಿಲ್ಲಿಸಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಕಾವ್ಯದ ಮಾತು, ಬೀದಿಯ ಮಾತು, ತುಳು ತಮಿಳಿನ ಸಂಬಂಧಿ ಮಾತು ಎಲ್ಲವೂ ಪಂಕ್ತಿಭೇದವಿಲ್ಲದೆ ಕುಳಿತಿವೆ. ಆ ಸಂಜೆಯ ನಮ್ಮ ಬೆಂಚು ಹಾಗಿತ್ತು. ಒಳಗೆ ಅಧ್ಯಕ್ಷರು ಬಂದರೆಂದು ಗಂಟೆ ಬಾರಿಸಿದಾಗ ನಾಲ್ವರಲ್ಲಿ ಒಬ್ಬರೂ ಏಳಲಿಲ್ಲ. ಆ ಅಧ್ಯಕ್ಷರಲ್ಲಿ ಇದಕ್ಕಾಗಿ ಕ್ಷಮೆ ಕೇಳುತ್ತೇನೆ. ತಡವಾಗಿ ಬಂದದ್ದಕ್ಕೆ ಕೃತಜ್ಞತೆಯನ್ನೂ ಹೇಳುತ್ತೇನೆ.

ಇದು ಇಂದಿನ ಸಂಗತಿ ಮಾತ್ರವಲ್ಲ. 1927ರಲ್ಲಿ ಮಂಗಳೂರಿನಲ್ಲಿ, 1948ರಲ್ಲಿ ಕಾಸರಗೋಡಿನಲ್ಲಿ, 1960ರಲ್ಲಿ ಮಣಿಪಾಲದಲ್ಲಿ, 1997ರಲ್ಲಿ ಮತ್ತೆ ಮಂಗಳೂರಿನಲ್ಲಿ ಅಖಿಲ ಭಾರತ ಸಮ್ಮೇಳನಗಳು ನಡೆದಿವೆ. ಮಣಿಪಾಲದ ಸಮ್ಮೇಳನಕ್ಕೆ ಅ.ನ.ಕೃ. ಅಧ್ಯಕ್ಷರು. ನನ್ನ ತಂದೆ ಅದಕ್ಕೆ ಹೋಗಿದ್ದರು; ನಾನು ಆಗ ಹುಟ್ಟಿರಲಿಲ್ಲ. ಅಧ್ಯಕ್ಷ ಭಾಷಣದಲ್ಲಿ ಏನಿತ್ತು ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ, ತಂದೆಗೆ ಒಂದು ವಾಕ್ಯವೂ ನೆನಪಿರಲಿಲ್ಲ. ಆದರೆ ರಾತ್ರಿ ಶಾಲೆಯೊಂದರ ಜಗಲಿಯಲ್ಲಿ ತಮ್ಮ ಚಾಪೆಯ ಅರ್ಧವನ್ನು ಬಿಟ್ಟುಕೊಟ್ಟ ಧಾರವಾಡ ಕಡೆಯ ಒಬ್ಬರ ಮಾತಿನ ಧಾಟಿಯನ್ನು ಕೊನೆಯ ವರೆಗೂ ಅನುಕರಿಸಿ ತೋರಿಸುತ್ತಿದ್ದರು. ಆ ಮನುಷ್ಯ ಹದಿನೈದು ವರ್ಷ ನಮ್ಮ ಮನೆಗೆ ಯುಗಾದಿಗೊಂದು ಕಾರ್ಡು ಹಾಕಿದರು. ಒಂದು ವರ್ಷ ಕಾರ್ಡು ಬರಲಿಲ್ಲ. ತಂದೆ ಆ ಯುಗಾದಿಯಂದು ಎರಡು ಸಲ ಅಂಚೆ ಕಚೇರಿಗೆ ಹೋಗಿ ಬಂದರು.

ಆದ್ದರಿಂದ ಸಂಘಟಕರಲ್ಲಿ ನನ್ನ ಬೇಡಿಕೆ ಚಿಕ್ಕದು. ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರ ವರೆಗೆ ಒಂದು ಗೋಷ್ಠಿಯ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಆಮಂತ್ರಣ ಪತ್ರಿಕೆ ಮಾಡುವ ಬದಲು, ದಿನಕ್ಕೆ ಒಂದು ಗೋಷ್ಠಿಯನ್ನು ಕೈಬಿಟ್ಟು ಆ ಹೊತ್ತನ್ನು ಖಾಲಿ ಬಿಡಿ. ಅದಕ್ಕೆ “ಸ್ನೇಹ ಸಂವಾದ” ಎಂದೋ ಮತ್ತೊಂದೋ ಹೆಸರಿಟ್ಟು ಸಂಯೋಜಕರನ್ನು ನೇಮಿಸಬೇಡಿ. ಹೆಸರಿಟ್ಟ ಕೂಡಲೇ ಅದಕ್ಕೂ ಸ್ವಾಗತ, ಪ್ರಸ್ತಾವನೆ ಬಂದುಬಿಡುತ್ತವೆ. ಹಿಂದಿನ ಅಂಗಳದಲ್ಲಿ ನಾಲ್ಕು ಬೆಂಚು ಹೆಚ್ಚು ಹಾಕಿ, ಅವನ್ನು ವೇದಿಕೆಗೆ ಮುಖ ಮಾಡಿ ಇಡದೆ ಎದುರು ಬದುರಾಗಿ ಇಡಿ. ಚಹಾದ ಪಾತ್ರೆಯನ್ನು ಬೇಗ ತೊಳೆಯಬೇಡಿ. ಊಟ ಎಲ್ಲರಿಗೂ ಒಂದೇ ಕಡೆ ಇರಲಿ. ಹಣವಿಲ್ಲ ಎಂಬ ಕಷ್ಟ ನನಗೆ ಗೊತ್ತು, ಕೂಟ ಮಾಡುವವರು ಕೈಯಿಂದ ಹಾಕಿ ಮಾಡುತ್ತಾರೆ ಎಂಬುದೂ ಗೊತ್ತು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ, ಒಂದು ಗೋಷ್ಠಿ ಕಡಿಮೆಯಾದರೆ ಒಂದಿಷ್ಟು ಶಾಲು, ಹಾರ, ಸ್ಮರಣಿಕೆ ಉಳಿಯುತ್ತದೆ.

ಇನ್ನು ಕೊಡೆ. ಎರಡನೆಯ ದಿನ ಸಂಜೆ ವಂದನಾರ್ಪಣೆ ಮುಗಿಯುವಾಗ ಗುಡುಗಿನೊಂದಿಗೆ ಹಿಂಗಾರು ಮಳೆ ಹಿಡಿಯಿತು. ಮಾಷ್ಟ್ರು ಮೊದಲೇ ಹೊರಟಾಗಿತ್ತು. ನಾನು ಮೆಟ್ಟಿಲ ಬಳಿ ಲುಂಗಿ ಎತ್ತಿ ಕಟ್ಟುವುದೋ ಬೇಡವೋ ಎಂದು ನಿಂತಿದ್ದಾಗ, ಕುಂಬಳೆ ಕಡೆಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆಂದು ಹೇಳಿದ ಒಬ್ಬ ತಾಯಿ ತಮ್ಮ ಕೊಡೆಯ ಅಡಿಗೆ ನನ್ನನ್ನು ಕರೆದುಕೊಂಡರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಅಲ್ಲಿ ಕನ್ನಡ ಕಲಿಸುವುದು ಹೇಗಿದೆ, ತರಗತಿಯಲ್ಲಿ ಮಕ್ಕಳು ಎಷ್ಟು ಭಾಷೆ ಬೆರೆಸಿ ಮಾತಾಡುತ್ತಾರೆ, ಒಂದು ಕೂಟಕ್ಕೆ ಬರಬೇಕಾದರೆ ಎಷ್ಟು ಬಸ್ಸು ಬದಲಿಸಬೇಕು ಎಂಬುದನ್ನೆಲ್ಲ ಆ ಹತ್ತು ನಿಮಿಷದ ನಡಿಗೆಯಲ್ಲಿ ಹೇಳಿದರು. ಬಸ್ ನಿಲ್ದಾಣದಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ ಹೊರಡುತ್ತಿತ್ತು. “ನೀವು ಇಟ್ಕೊಳ್ಳಿ, ನನಗೆ ಬಸ್ಸಿನಿಂದ ಇಳಿದರೆ ಮನೆಯೇ” ಎಂದು ಕೊಡೆಯನ್ನು ನನ್ನ ಕೈಗಿಟ್ಟು ಓಡಿ ಹತ್ತಿದರು. ಹೆಸರು ಕೇಳುವಷ್ಟು ಹೊತ್ತು ಕಂಡಕ್ಟರ್ ಕೊಡಲಿಲ್ಲ.

ಅಮ್ಮಾ, ಕೊಡೆ ನನ್ನಲ್ಲಿದೆ. ಕಪ್ಪು ಬಟ್ಟೆಯದು, ಮರದ ಹಿಡಿಕೆಗೆ ಕೆಂಪು ನೂಲು ಸುತ್ತಿದೆ, ಒಂದು ಕಡ್ಡಿ ಬಗ್ಗಿತ್ತು, ಅದನ್ನು ಸರಿ ಮಾಡಿಸಿದ್ದೇನೆ. ಮುಂದಿನ ಕೂಟ ಎಲ್ಲಿ ನಡೆದರೂ ಊಟದ ಸಾಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ನಿಂತಿರುತ್ತೇನೆ. ಪಕ್ಕದಲ್ಲಿ ಬಿಳಿ ಕೂದಲಿನ ಒಬ್ಬ ಮಾಷ್ಟ್ರು ಇರುತ್ತಾರೆ, ನನ್ನ ಬಟ್ಟಲು ಅವರ ಕೈಯಲ್ಲಿರುತ್ತದೆ.

ಇಂತು,
ಹದಿನೆಂಟನೆಯ ಸಾಲಿನ ಒಬ್ಬ ಓದುಗ
ಉಡುಪಿ